ಬೀರು ಸಾಕು, ಬೀಗ ಬೇಡ

ಮುಳಬಾಗಿಲು, ಬಾಗೇಪಲ್ಲಿ, ಪಾವಗಡ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಪುಸ್ತಕ ಯಾರಾದರೂ ಒಬ್ಬ ಶಿಕ್ಷಕರ ಚಾರ್ಜಿನಲ್ಲಿರುತ್ತದೆ. ಕಳೆದರೆ ತಮ್ಮ ತಲೆಗೆ ಬರುತ್ತದೆಂಬ ಭಯಕ್ಕೆ ಬೀರುವಿಗೆ ಬೀಗ. ಮೊದಲು ಹೋಗಬೇಕಾದದ್ದು ಆ ಭಯ. ದಾಸ್ತಾನು ಪುಸ್ತಕದಲ್ಲಿ ಹರಿದದ್ದಕ್ಕೆ, ಕಳೆದದ್ದಕ್ಕೆ ಒಂದು ಕಾಲಂ ಇಡಿ. ವರ್ಷಕ್ಕೊಮ್ಮೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಿ. ಮಕ್ಕಳಿಗಂತೂ ದಂಡ ಹಾಕಲೇಬೇಡಿ. ಒಂದು ಸಲ ದಂಡ ತೆತ್ತ ಮನೆಯವರು ಮಗು ಪುಸ್ತಕ ತಂದರೇ ಗದರುತ್ತಾರೆ.

ಚಿಕ್ಕ ಮಕ್ಕಳ ಪುಸ್ತಕ ಹೆಚ್ಚಾಗಿ 16 ಅಥವಾ 24 ಪುಟದ್ದು, ಪಿನ್ ಹೊಡೆದದ್ದು. ಬೆನ್ನಿಲ್ಲದ ಕಾರಣ ಬೀರುವಿನಲ್ಲಿ ನಿಲ್ಲಿಸಿದರೆ ಹೆಸರೇ ಕಾಣದು. ಬಿಸಿಲು ಬೀಳದ ಗೋಡೆಗೆ, ಮಕ್ಕಳ ಎದೆಮಟ್ಟಕ್ಕೆ, ಹಗ್ಗ ಬಿಗಿದು ಮುಖಪುಟ ಕಾಣುವಂತೆ ತೂಗುಹಾಕಿ. ದಪ್ಪ ಪುಸ್ತಕ ಹಗ್ಗಕ್ಕೆ ಬೇಡ, ನಡುಪುಟ ಕಿತ್ತುಬರುತ್ತದೆ.

ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ನಡುಪುಟವನ್ನೇ ತಿನ್ನುತ್ತದೆ. ಸೆಲೋಟೇಪ್ ಅಂಟಿಸಬೇಡಿ, ಕೆಲ ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಪಿನ್ ತೆಗೆದು, ಮಡಿಕೆಯಲ್ಲಿ ಮೂರು ತೂತು ಚುಚ್ಚಿ. ಗಟ್ಟಿ ನೂಲಿನ ಸೂಜಿಯನ್ನು ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ಎಳೆಯಿರಿ. ಮೇಲಿನ ತೂತಿನಿಂದ ಒಳಗೆ, ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಅಲ್ಲಿ ಎರಡೂ ತುದಿ ಸೇರಿಸಿ ಗಂಟು. ಐದನೇ ತರಗತಿಯವರು ಅರ್ಧ ಗಂಟೆಯಲ್ಲಿ ಕಲಿಯುವ ಕೆಲಸವಿದು. ತಾವೇ ಹೊಲಿದ ಪುಸ್ತಕವನ್ನು ಅವರು ಜೋಪಾನವಾಗಿಯೂ ಇಡುತ್ತಾರೆ.

ಈ ಗಡಿಭಾಗದಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಲೈಬ್ರರಿ ನೋಡಿಕೊಳ್ಳುವವರ ಕೆಲಸ ಪುಸ್ತಕ ಕೊಟ್ಟು ರುಜು ಹಾಕಿಸಿಕೊಳ್ಳುವಲ್ಲಿಗೆ ಮುಗಿಯದಿರುವುದು ಇದಕ್ಕೇ. ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆಗಳು ಎರಡೂ ಭಾಷೆಯಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಕಥೆಯನ್ನು ತೆಲುಗಿನಲ್ಲಿ ಬಾಯಲ್ಲಿ ಹೇಳಿ, ಆಮೇಲೆ ಕನ್ನಡದ್ದನ್ನು ಬೆರಳಿಟ್ಟು ಓದಿ, ಕೊನೆಗೆ ಅದೇ ಪುಸ್ತಕ ಮನೆಗೆ ಕೊಡಿ. ಕಥೆ ಗೊತ್ತಿರುವ ಮಗು ಅಕ್ಷರಕ್ಕೆ ಹೆದರುವುದಿಲ್ಲ.

ಮೇಲಿನ ತರಗತಿಗೆ ಪುಸ್ತಕ ಸಾಲದಿದ್ದರೆ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಮಕ್ಕಳನ್ನು ನೀವೇ ಒಂದು ದಿನ ಕರೆದುಕೊಂಡು ಹೋಗಿ, ಬಾಗಿಲು ತೆರೆಯುವ ಹೊತ್ತು ಕೇಳಿಕೊಂಡು ತರಗತಿಯ ಗೋಡೆಗೆ ಬರೆದು ಅಂಟಿಸಿ.