ಲ್ಯಾಟರಲ್ ಎಂಟ್ರಿ ಪ್ಲಾನ್ ಶೀಟ್: ಇಲ್ಲಿಯವರೆಗೆ ಆಗಿದ್ದು, ಬಾಕಿ ಇರುವುದು

ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ ಮೂರನೇ ಸೆಮಿಸ್ಟರಿಗೆ ಸೇರುವವರಿಗೆಂದು ಈ ಸ್ಪ್ರೆಡ್‌ಶೀಟ್. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್, ಅಂದರೆ ವಿಷಯ, ಕ್ರೆಡಿಟ್, ಅಂಕಗಳ ನಿಯಮಾವಳಿ, ಇಟ್ಟುಕೊಂಡು ಕಟ್ಟಿದ್ದು. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ, ಅಲ್ಲಿಯವರು ಅಂಕಿಗಳನ್ನು ತಮ್ಮ ಕಾಲೇಜಿನ ಕೈಪಿಡಿ ನೋಡಿ ಬದಲಿಸಿಕೊಳ್ಳಬೇಕು. ಪೂರ್ತಿ ಬಿಇಗೆ 160 ಕ್ರೆಡಿಟ್, ಮೊದಲ ವರ್ಷದ 40 ಬಿಟ್ಟರೆ ಲ್ಯಾಟರಲ್‌ನವರಿಗೆ 120. ಆರು ಸೆಮಿಸ್ಟರಿಗೆ ಹಂಚಿದರೆ ಸರಾಸರಿ 20. ಆರಂಭದ ಸೆಮಿಸ್ಟರುಗಳಲ್ಲಿ ವಿಷಯ ಆರಿಸಿಕೊಳ್ಳುವ ಅವಕಾಶ ತೀರಾ ಕಡಿಮೆ. ಹಾಗಾಗಿ ಶೀಟಿನ ಮುಖ್ಯ ಕೆಲಸ ಗಂಟೆ ಹಂಚುವುದು.

ಟ್ಯಾಬ್ 1, ಸ್ಕೀಮ್ (ಮುಗಿದಿದೆ)

ಸೇರಿದ ವರ್ಷದ ಹೊಸ ಸ್ಕೀಮ್ ಡೌನ್‌ಲೋಡ್ ಮಾಡಿಕೊಂಡು ಕೂರಬೇಡಿ. ಮೂರನೇ ಸೆಮಿಸ್ಟರಿಗೆ ಸೇರುವವರು ಹಿಂದಿನ ವರ್ಷ ಮೊದಲ ಸೆಮಿಸ್ಟರಿಗೆ ಬಂದ ಬ್ಯಾಚಿನ ಜೊತೆ ಕೂರುತ್ತಾರೆ, ಆ ಬ್ಯಾಚಿಗೆ ಯಾವ ಸ್ಕೀಮೋ ಅದೇ ಇವರಿಗೂ. ವಿಷಯದ ಕೋಡ್ ತಾಳೆ ನೋಡದೆ ಹಳೇ ಪ್ರಶ್ನೆಪತ್ರಿಕೆ, ನೋಟ್ಸ್ ಜೆರಾಕ್ಸ್ ಮಾಡಿಸಿದರೆ ದುಡ್ಡೂ ದಂಡ, ವಾರವೂ ದಂಡ.

ಈ ಟ್ಯಾಬಿನಲ್ಲಿ ಹೊಸದಾಗಿ ಸೇರಿದ ಕಾಲಂ ಒಂದಿದೆ: ‘ಸೇರಿದ ದಿನಕ್ಕೆ ಎಷ್ಟು ಮಾಡ್ಯೂಲ್ ಮುಗಿದಿತ್ತು’. ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ತರಗತಿ ಶುರುವಾಗಿರುವುದುಂಟು. ಹಾಜರಾತಿ 85% ಬೇಕು. ಅದನ್ನು ಯಾವ ದಿನದಿಂದ ಎಣಿಸುತ್ತಾರೆ ಎಂದು ಮೊದಲ ವಾರವೇ ಆಫೀಸಿನಲ್ಲಿ ಕೇಳಿ, ಬರೆದಿಟ್ಟುಕೊಳ್ಳಿ.

ಟ್ಯಾಬ್ 2, ವಾರದ ಗಂಟೆ (ಎರಡನೇ ಸಲ ಬದಲಾಗಿದೆ)

ಹಿಂದಿನ ಆವೃತ್ತಿಯಲ್ಲಿ ಕ್ರೆಡಿಟ್ಟಿಗೆ ಇಷ್ಟು ಗಂಟೆ ಎಂದು ಒಂದೇ ದರವಿತ್ತು. ಈಗ ತೆಗೆದಿದೆ, ಲ್ಯಾಬಿನ ವಿಷಯದಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ವಾರಕ್ಕೆ ಒಂದು ಗಂಟೆ ಪಾಠಕ್ಕೆ 1 ಕ್ರೆಡಿಟ್, ಲ್ಯಾಬಿಗಾದರೆ ಎರಡು ಗಂಟೆಗೆ 1. ರೆಕಾರ್ಡ್ ಬರೆಯುವ ಹೊತ್ತು ಕ್ರೆಡಿಟ್ಟಿನಲ್ಲಿ ಎಲ್ಲೂ ಕಾಣುವುದಿಲ್ಲ. 4 ಕ್ರೆಡಿಟ್ಟಿನ ಐಪಿಸಿಸಿ (ಪಾಠವೂ ಲ್ಯಾಬೂ ಸೇರಿದ) ವಿಷಯಕ್ಕೆ ತರಗತಿಯಲ್ಲೇ 5 ಗಂಟೆ (3 ಪಾಠ, 2 ಲ್ಯಾಬ್), ಹೊರಗೆ ಓದಿಗೆ 3, ರೆಕಾರ್ಡಿಗೆ 2: ಒಟ್ಟು 10. ಬರೀ ಥಿಯರಿಯ 3 ಕ್ರೆಡಿಟ್ ವಿಷಯ 6 ಗಂಟೆಯಲ್ಲಿ ಮುಗಿಯುತ್ತದೆ.

ವಾರಕ್ಕೆ 168 ಗಂಟೆ. ನಿದ್ದೆಗೆ 56, ತರಗತಿಗೆ 30, ಓಡಾಟಕ್ಕೆ 12, ಊಟ ಸ್ನಾನ ಬಟ್ಟೆಗೆ 21 ಕಳೆದರೆ 49 ಉಳಿಯುತ್ತದೆ. ಅಷ್ಟನ್ನೂ ಓದಿಗೆ ಬರೆದುಕೊಂಡ ಟೈಮ್‌ಟೇಬಲ್ ಎರಡನೇ ವಾರಕ್ಕೇ ಮೂಲೆ ಸೇರುತ್ತದೆ. ಶೀಟ್ 25ಕ್ಕಿಂತ ಹೆಚ್ಚು ಹಂಚಲು ಬಿಡುವುದಿಲ್ಲ, ಮೀರಿದರೆ ಸೆಲ್ ಕೆಂಪಾಗುತ್ತದೆ. ಇದ್ದಕ್ಕಿದ್ದಂತೆ ಘೋಷಣೆಯಾಗುವ ಅಸೈನ್‌ಮೆಂಟ್, ಜ್ವರ, ಊರಿನ ಕೆಲಸ ಎಲ್ಲ ಮಿಕ್ಕ 24ರಲ್ಲೇ ಹಿಡಿಸಬೇಕು.

ಡಿಪ್ಲೊಮಾದವರಿಗೆ ಒಂದು ಅನುಕೂಲ ಇದ್ದೇ ಇದೆ: ಲ್ಯಾಬ್. ಬ್ರೆಡ್‌ಬೋರ್ಡ್, ಸಿಆರ್‌ಓ, ಲೇತ್ ಕೈಗೆ ಹೊಸದಲ್ಲ. ಹಾಗಾಗಿ ಪ್ರತಿ ಲ್ಯಾಬಿನ ತಯಾರಿಯಿಂದ ಅರ್ಧ ಗಂಟೆ ಕತ್ತರಿಸಿ ಗಣಿತದ ಸಾಲಿಗೆ ಹಾಕಿದೆ.

ಟ್ಯಾಬ್ 3, ಗಣಿತ (ಇನ್ನೂ ಬೆಳೆಯುತ್ತಿದೆ)

ಹೊರೆ ನಿಜಕ್ಕೂ ಬೀಳುವುದು ಇಲ್ಲಿ. ಮೊದಲ ವರ್ಷದ ಎರಡು ಗಣಿತ ಪೇಪರ್ ಓದದೆ ಮೂರನೆಯದಕ್ಕೆ ಕೂರುತ್ತೀರಿ. ಆ ಎರಡನ್ನೂ ಪೂರ್ತಿ ಓದಲು ಹೊರಟರೆ ಸೆಮಿಸ್ಟರೇ ಮುಗಿದುಹೋಗುತ್ತದೆ, ಅದರ ಅಗತ್ಯವೂ ಇಲ್ಲ. ಶೀಟ್ ಆರು ವಾರ, ವಾರಕ್ಕೆ 5 ಗಂಟೆ ಕೊಡುತ್ತದೆ. ಕ್ರಮ ಹೀಗೆ: ಡಿಫರೆನ್ಷಿಯೇಷನ್ ಸೂತ್ರಗಳು, ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರ್ಯಾಕ್ಷನ್, ಮೊದಲ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್ ರ‍್ಯಾಂಕ್. ಕಂಪ್ಯೂಟರ್ ಸೈನ್ಸ್‌ನವರು ನಾಲ್ಕನೆಯದನ್ನು ಮುಂದೂಡಬಹುದು. ಅವರ ಮೂರನೇ ಸೆಮ್ ಗಣಿತ ಸಂಭವನೀಯತೆ, ಸಂಖ್ಯಾಶಾಸ್ತ್ರದ ಕಡೆಯದು.

ಪರೀಕ್ಷಿಸಿಕೊಳ್ಳಲು ಒಂದೇ ಲೆಕ್ಕ ಸಾಕು. ಎಲೆಕ್ಟ್ರಾನಿಕ್ಸ್‌ನವರು ಎಕ್ಸ್ ಸ್ಕ್ವೇರ್‌ನ ಫೋರಿಯರ್ ಸೀರೀಸನ್ನು ಮೈನಸ್ ಪೈನಿಂದ ಪೈವರೆಗೆ ಬಿಡಿಸಿ ನೋಡಿ. ಬರ್ನೌಲಿ ರೂಲ್ ಬಳಸಿ ಎರಡು ಕಾಲಂ ಹಾಕಿ. ಎಡಗಡೆ ಎಕ್ಸ್ ಸ್ಕ್ವೇರನ್ನು ಸೊನ್ನೆ ಬರುವವರೆಗೆ ಡಿಫರೆನ್ಷಿಯೇಟ್ ಮಾಡಿ: 2 ಎಕ್ಸ್, 2, 0. ಬಲಗಡೆ ಕಾಸ್ ಎನ್‌ಎಕ್ಸನ್ನು ಇಂಟಿಗ್ರೇಟ್ ಮಾಡುತ್ತ ಹೋಗಿ: ಸೈನ್, ಮೈನಸ್ ಕಾಸ್, ಮೈನಸ್ ಸೈನ್, ಕೆಳಗೆ ಕ್ರಮವಾಗಿ ಎನ್, ಎನ್ ವರ್ಗ, ಎನ್ ಘನ. ಅಡ್ಡಕ್ಕೆ ಗುಣಿಸುವಾಗ ಚಿಹ್ನೆ ಪ್ಲಸ್, ಮೈನಸ್, ಪ್ಲಸ್. ತುಂಬ ಜನ ಜಾರುವುದು ಮಧ್ಯದ ಪದದಲ್ಲಿ: ರೂಲಿನ ಮೈನಸ್ಸೂ ಇಂಟಿಗ್ರೇಷನ್ನಿನ ಮೈನಸ್ಸೂ ಸೇರಿ ಪ್ಲಸ್ ಆಗಬೇಕು. ಪೈ ಹಾಕಿದಾಗ ಸೈನ್ ಇರುವ ಪದಗಳು ಬಿದ್ದುಹೋಗುತ್ತವೆ, ಕಾಸ್ ಎನ್‌ಪೈ ಎಂದರೆ ಮೈನಸ್ 1ರ ಘಾತ ಎನ್. ಕೊನೆಗೆ ಕಾಸ್ ಪದದ ಗುಣಾಂಕ ಎನ್ ವರ್ಗದ ಮೇಲೆ 4, ಎನ್ ಬೆಸವಾದರೆ ಮೈನಸ್, ಸಮವಾದರೆ ಪ್ಲಸ್. ಪುಸ್ತಕ ನೋಡದೆ ಹದಿನೈದು ನಿಮಿಷದಲ್ಲಿ ಇದು ಬಂದರೆ ಮುಂದಿನ ಸಾಲಿಗೆ ಹೋಗಿ. ಕಂಪ್ಯೂಟರ್ ಸೈನ್ಸ್‌ನವರಿಗೆ ಇದೇ ತಂತ್ರ ಎಕ್ಸ್‌ಪೊನೆನ್ಷಿಯಲ್ ಡಿಸ್ಟ್ರಿಬ್ಯೂಷನ್‌ನ ಸರಾಸರಿ ತೆಗೆಯುವಾಗ ಎದುರಾಗುತ್ತದೆ, ಮೇಲಿನ ಮಿತಿ ಅನಂತ ಅಷ್ಟೇ.

ಟ್ಯಾಬ್ 4, ಅಂಕ (ಮುಗಿದಿದೆ)

ಥಿಯರಿ ವಿಷಯಕ್ಕೆ ಸಿಐಇ (ಸೆಮಿಸ್ಟರ್ ಉದ್ದಕ್ಕೂ ಕಾಲೇಜೇ ಕೊಡುವ ಆಂತರಿಕ ಅಂಕ) 50, ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ) 50. ಸಿಐಇಯಲ್ಲಿ ಕನಿಷ್ಠ 20, ಎಸ್‌ಇಇಯಲ್ಲಿ ಕನಿಷ್ಠ 18, ಒಟ್ಟು ಕನಿಷ್ಠ 40. ಎರಡೂ ಕಡೆ ಕನಿಷ್ಠವೇ ಬಂದರೆ 38, ಅಂದರೆ ಫೇಲ್. ಇದನ್ನು ಗಮನಿಸದವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಶೀಟಿನ ಸೂತ್ರ: 18 ಮತ್ತು 40ರಿಂದ ಸಿಐಇ ಕಳೆದ ಸಂಖ್ಯೆ, ಇವೆರಡರಲ್ಲಿ ದೊಡ್ಡದು ನಿಮ್ಮ ಎಸ್‌ಇಇ ಗುರಿ. ಸಿಐಇ 22 ದಾಟಿತೆಂದರೆ ಗುರಿ 18ಕ್ಕೇ ನಿಲ್ಲುತ್ತದೆ. ಪತ್ರಿಕೆ 100 ಅಂಕದ್ದು, ಆಮೇಲೆ 50ಕ್ಕೆ ಇಳಿಸುತ್ತಾರೆ, ಆದ್ದರಿಂದ ಗುರಿಯನ್ನು ಎರಡರಿಂದ ಗುಣಿಸಿ ನೋಡಿ.

ಐಪಿಸಿಸಿಯಲ್ಲಿ ಸಿಐಇ ಎರಡು ತುಂಡು: ಥಿಯರಿ 25, ಲ್ಯಾಬ್ 25, ಎರಡರಲ್ಲೂ ಬೇರೆಬೇರೆಯಾಗಿ 10 ಬೇಕು. ಲ್ಯಾಬಿನಲ್ಲಿ 24 ಬಂದಿದೆ ಎಂದು ಥಿಯರಿಯ 8 ಕ್ಷಮೆಯಾಗುವುದಿಲ್ಲ.

ಪ್ಲೇಸ್‌ಮೆಂಟ್ ಗಮನದಲ್ಲಿದ್ದವರಿಗೆ ಇನ್ನೊಂದು ಲೆಕ್ಕ. ಆರನೇ ಸೆಮ್ ಮುಗಿಯುವಾಗ ನಿಮ್ಮ ಕೈಯಲ್ಲಿರುವುದು ನಾಲ್ಕೇ ಸೆಮಿಸ್ಟರಿನ ಗ್ರೇಡ್. ಮೂರನೆಯದರ ತೂಕ ಅಲ್ಲಿ ಸುಮಾರು ಕಾಲುಭಾಗ. ‘ಮೊದಲ ಸೆಮ್, ಹೇಗೋ ಪಾಸಾದರೆ ಸಾಕು’ ಎಂಬ ಮಾತು ಲ್ಯಾಟರಲ್‌ನವರಿಗೆ ದುಬಾರಿ.

ಬಾಕಿ

ಆಕ್ಟಿವಿಟಿ ಪಾಯಿಂಟ್ (ಪಾಠದ ಹೊರಗಿನ ಚಟುವಟಿಕೆಗೆ ಸಿಗುವ ಅಂಕ) ಟ್ಯಾಬ್ ಅರ್ಧಕ್ಕೆ ನಿಂತಿದೆ. ರೆಗ್ಯುಲರ್‌ನವರಿಗೆ 100, ಲ್ಯಾಟರಲ್‌ನವರಿಗೆ 75. ಸಿಜಿಪಿಎಗೆ ಸೇರುವುದಿಲ್ಲ, ಆದರೆ ಗಳಿಸದೆ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಬರುವುದಿಲ್ಲ. ಸದ್ಯಕ್ಕೆ ಸೆಮಿಸ್ಟರಿಗೆ 15ರಂತೆ ಏಳರೊಳಗೆ ಮುಗಿಯುವ ಹಾಗೆ ಹಾಕಿದೆ. ಮೂರನೆಯದರಲ್ಲಿ ಗಣಿತವೇ ಉಸಿರು ಕಟ್ಟಿಸುವುದರಿಂದ ಅಲ್ಲಿನ 15ನ್ನು ರಜೆಗೆ ತಳ್ಳುವ ಆಯ್ಕೆ ಸೇರಿಸಬೇಕು. ಏಳು ಮತ್ತು ಎಂಟನೇ ಸೆಮಿಸ್ಟರನ್ನು ಅದಲುಬದಲು ಮಾಡಿಕೊಳ್ಳಲು ಅವಕಾಶ ಇರುವುದರಿಂದ ಕೊನೆಯ ಎರಡು ಕಾಲಂಗಳನ್ನು ಇಂಟರ್ನ್‌ಶಿಪ್ ಯಾವುದರಲ್ಲಿ ಎಂಬುದರ ಮೇಲೆ ತಿರುಗಿಸುವ ಸ್ವಿಚ್ ಮುಂದಿನ ಆವೃತ್ತಿಯಲ್ಲಿ ಬರುತ್ತದೆ.