ಒಂದೂವರೆ ದನಿ

ನನ್ನ ಕೋಣೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಧ್ವನಿಪೆಟ್ಟಿಗೆಯೇ ಇರುವುದಿಲ್ಲ. ಕ್ಯಾನ್ಸರ್ ಬಂದು ಅದನ್ನು ತೆಗೆದ ಮೇಲೆ ಕತ್ತಿನ ಮುಂದೆ ಒಂದು ತೂತು ಉಳಿಯುತ್ತದೆ. ಉಸಿರಾಟವೆಲ್ಲ ಅಲ್ಲಿಂದಲೇ. ಅಂಥವರಿಗೆ ಮತ್ತೆ ಮಾತು ಬರಿಸುವುದು ನನ್ನ ಕೆಲಸ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತದ್ದನ್ನು ಇಂಗ್ಲೆಂಡಿನಲ್ಲಿ ಮಾಡಿಕೊಂಡು ಹದಿನೆಂಟು ವರ್ಷವಾಯಿತು.

ಹೋದ ತಿಂಗಳು ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ಗಡ್ಡ ಕೆರೆಯುವ ಮೆಷಿನ್ನಿನ ಹಾಗೆ ಕಾಣುವ ಒಂದು ಉಪಕರಣವಿದೆ, ಎಲೆಕ್ಟ್ರೋಲ್ಯಾರಿಂಕ್ಸ್ ಅಂತ. ಅದನ್ನು ದವಡೆಯ ಕೆಳಗೆ ಒತ್ತಿ ಹಿಡಿದು ಬಾಯಾಡಿಸಿದರೆ ಅದರ ಗುಂಯ್ ಸದ್ದೇ ಮಾತಾಗಿ ಬರುತ್ತದೆ. ಒತ್ತಬೇಕಾದ ಜಾಗ ಒಬ್ಬೊಬ್ಬರ ಕತ್ತಿನಲ್ಲಿ ಒಂದೊಂದು ಕಡೆ. ಅದು ಸಿಗುವವರೆಗೆ ಬರೀ ದುಂಬಿ ಸದ್ದು. ಇವರಿಗೆ ಜಾಗ ಸಿಕ್ಕಿದ ಕೂಡಲೇ, "ಏನಾದರೂ ಹೇಳಿ" ಅಂದೆ. ಸಾಮಾನ್ಯವಾಗಿ ಜನ ಒಂದರಿಂದ ಹತ್ತು ಎಣಿಸುತ್ತಾರೆ, ಇಲ್ಲವೇ ಹೆಂಡತಿಯ ಹೆಸರು ಹೇಳುತ್ತಾರೆ. ಇವರು ಹೇಳಿದ್ದು: "ಪ್ಲೀಸ್ ಸರ್, ಐ ವಾಂಟ್ ಸಮ್ ಮೋರ್."

ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ, ಬಡವರ ದುಡಿಮೆಮನೆಯ ಅನಾಥ ಹುಡುಗ ಬಟ್ಟಲು ಹಿಡಿದು ಇನ್ನಷ್ಟು ಗಂಜಿ ಕೇಳುವ ಸಾಲು. ಇಲ್ಲಿಯವರಿಗೆ ಅದು ತಾಯಿಹಾಲಿನ ಜೊತೆಗೇ ಬಂದದ್ದು. ಇಬ್ಬರೂ ನಕ್ಕೆವು. ಧ್ವನಿಪೆಟ್ಟಿಗೆ ಇಲ್ಲದವರ ನಗು ಹೊರಗೆ ಕೇಳುವುದಿಲ್ಲ, ಭುಜ ಕುಣಿಯುತ್ತದೆ ಅಷ್ಟೆ. ಆಮೇಲೆ ಅವರು ಬಿಳಿ ಹಲಗೆ ತೆಗೆದುಕೊಂಡು ಬರೆದರು: "ಜ್ಯಾಕ್‌ಗೂ ಇದೇ ಆಗಿತ್ತಲ್ಲ."

ಯಾವ ಜ್ಯಾಕ್? ಹಲಗೆ ಒರೆಸಿ ಮತ್ತೆ ಬರೆದರು. "ಡಾಡ್ಜರ್."

ರಾತ್ರಿ ಮನೆಗೆ ಬಂದು ಸಿನಿಮಾ ಹಾಕಿಕೊಂಡು ಕೂತೆ. 'ಆಲಿವರ್!', 1968. ಡಿಕನ್ಸ್ ಕಥೆಯನ್ನು ಲಯೊನೆಲ್ ಬಾರ್ಟ್ ರಂಗಗೀತನಾಟಕ ಮಾಡಿದ್ದರು, ಅದನ್ನು ಕ್ಯಾರಲ್ ರೀಡ್ ತೆರೆಗೆ ತಂದರು. ಅತ್ಯುತ್ತಮ ಚಿತ್ರದ ಆಸ್ಕರ್ ಕೂಡ ಬಂತು. ಆಲಿವರ್ ಆಗಿ ಮಾರ್ಕ್ ಲೆಸ್ಟರ್, ಹೊಂಬಣ್ಣದ ಕೂದಲಿನ ಹುಡುಗ. ಜೇಬುಗಳ್ಳ ಡಾಡ್ಜರ್ ಆಗಿ ಜ್ಯಾಕ್ ವೈಲ್ಡ್. ಅವನ ಕೋಟು ದೊಡ್ಡವರದ್ದು, ತೋಳು ಮಡಚಿ ಮಡಚಿ ಮೊಣಕೈಗೆ ಬಂದಿದೆ, ತಲೆಯ ಮೇಲೆ ಜಜ್ಜಿದ ಎತ್ತರದ ಟೊಪ್ಪಿ. ಮುಖ ಹನ್ನೊಂದರದ್ದು, ಕಣ್ಣು ಮಾತ್ರ ನಲವತ್ತರದ್ದು. ಮಾರ್ಕೆಟ್ಟಿನಲ್ಲಿ ಹಸಿದ ಆಲಿವರ್‌ನನ್ನು ಕಂಡು, ಬಾರಯ್ಯ ನೀನೂ ನಮ್ಮ ಮನೆಯವನೇ ಅಂದುಕೋ ಎಂದು ಹಾಡುತ್ತಾ ಕರೆದುಕೊಂಡು ಹೋಗುತ್ತಾನೆ. ನಿಜ ಹೇಳುತ್ತೇನೆ, ಪಾಪದ ಆಲಿವರ್ ನನಗೆ ನೆನಪಿನಲ್ಲಿ ಉಳಿಯುವುದೇ ಇಲ್ಲ. ಸಿನಿಮಾ ಪೂರ್ತಿ ಈ ಕಳ್ಳನದ್ದೇ.

ಜ್ಯಾಕ್ ಹುಟ್ಟಿದ್ದು 1952ರಲ್ಲಿ, ಲ್ಯಾಂಕಶೈರಿನ ರಾಯ್ಟನ್‌ನಲ್ಲಿ. ಹತ್ತಿ ಗಿರಣಿಯಲ್ಲಿ ದುಡಿಯುವ ಮನೆ. ಆಮೇಲೆ ಕುಟುಂಬ ಲಂಡನ್ ಪಕ್ಕದ ಹೌನ್ಸ್ಲೋಗೆ ಬಂತು. ಅಣ್ಣ ಆರ್ಥರ್ ಜೊತೆ ಪಾರ್ಕಿನಲ್ಲಿ ಚೆಂಡಾಡುತ್ತಿದ್ದಾಗ ಜೂನ್ ಕಾಲಿನ್ಸ್ ಎಂಬ ಏಜೆಂಟ್ ಕಣ್ಣಿಗೆ ಬಿದ್ದ. ಈಕೆ ಗಾಯಕ ಫಿಲ್ ಕಾಲಿನ್ಸ್ ತಾಯಿ. ಫಿಲ್ ಕೂಡ ರಂಗದ ಮೇಲೆ ಒಂದು ಕಾಲಕ್ಕೆ ಡಾಡ್ಜರ್ ಆಗಿದ್ದವರೇ! ಅದೇ ನಾಟಕದಲ್ಲಿ ಆರ್ಥರ್‌ಗೆ ಆಲಿವರ್ ಪಾತ್ರ ಸಿಕ್ಕಿತು, ಜ್ಯಾಕ್‌ಗೆ ಗ್ಯಾಂಗಿನ ಇನ್ನೊಬ್ಬ ಹುಡುಗನ ಪಾತ್ರ. ಸಿನಿಮಾ ಹೊತ್ತಿಗೆ ಸಣ್ಣ ಪಾತ್ರದವನೇ ಮುಂದೆ ಬಂದ. ಪೋಷಕ ನಟನ ಆಸ್ಕರ್‌ಗೆ ಹೆಸರು ಹೋದಾಗ ಅವನಿಗೆ ಹದಿನಾರು.

ಮಾರ್ಕ್ ಲೆಸ್ಟರ್ ಕಥೆ ನನ್ನ ಕಸುಬಿಗೆ ಹತ್ತಿರದ್ದು. ಆ ಹುಡುಗನಿಗೆ ಹಾಡಲು ಬರುತ್ತಿರಲಿಲ್ಲ. ಸ್ವರವೂ ಇಲ್ಲ, ತಾಳವೂ ಇಲ್ಲ. ತೆರೆಯ ಮೇಲೆ ಪ್ರೀತಿ ಎಲ್ಲಿದೆ ಎಂದು ಕೇಳಿ ಊರನ್ನೇ ಅಳಿಸುವ ಆ ಹಾಡು ಅವರ ಗಂಟಲಿನದ್ದಲ್ಲ. ಹಾಡಿದವರು ಕ್ಯಾಥಿ ಗ್ರೀನ್ ಎಂಬ ಯುವತಿ, ಚಿತ್ರದ ಸಂಗೀತದ ಉಸ್ತುವಾರಿ ನೋಡಿಕೊಂಡ ಜಾನಿ ಗ್ರೀನ್ ಮಗಳು. ಬಹಳ ವರ್ಷ ಇದು ಗುಟ್ಟಾಗಿಯೇ ಉಳಿದಿತ್ತು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಅಯ್ಯೋ, ಅದರಲ್ಲೇನೇ ಗುಟ್ಟು?" ಅಂದಳು. "ನಮ್ಮ ಜಾನಕಿ ಎಷ್ಟು ಮಕ್ಕಳ ದನೀಲಿ ಹಾಡಿಲ್ಲ?"

ಅದೂ ಸರಿ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜ್‌ಕುಮಾರ್ ಅವರನ್ನು ಕಂಡು ಬೆಳೆದವರು ನಾವು. ಇಲ್ಲಿ ಮಾತ್ರ ಆಲಿವರ್ ಹಾಡಿಲ್ಲ ಅಂದರೆ, ಕ್ರಿಸ್‌ಮಸ್ ತಾತ ಸುಳ್ಳು ಅಂದ ಹಾಗೆ ಮುಖ ಮಾಡುತ್ತಾರೆ. ಕಿವಿ ಕೊಟ್ಟು ಕೇಳಿ, ಸಿಕ್ಕಿಬೀಳುತ್ತದೆ. ಒಂಬತ್ತರ ಹುಡುಗ ಉದ್ದ ಸ್ವರ ಹಿಡಿದಾಗ ಕೊನೆಯಲ್ಲಿ ಉಸಿರು ಸೋರುತ್ತದೆ. ತೆರೆಯ ಮೇಲಿನ ಆಲಿವರ್‌ಗೆ ಸೋರುವುದೇ ಇಲ್ಲ.

ಮುಂದೆ 1971ರಲ್ಲಿ ಇಬ್ಬರೂ 'ಮೆಲಡಿ' ಎಂಬ ಚಿತ್ರದಲ್ಲಿ ಮತ್ತೆ ಜೊತೆಯಾದರು. ನಿರ್ದೇಶಕ ವಾರಿಸ್ ಹುಸೇನ್, ಲಕ್ನೋದಲ್ಲಿ ಹುಟ್ಟಿದವರು. ಬ್ರಿಟನ್ನಿನಲ್ಲಿ ಓಡದ ಚಿತ್ರ ಜಪಾನಿನಲ್ಲಿ ಭರ್ಜರಿಯಾಗಿ ಓಡಿತು. ಆಮೇಲೆ ಮಾರ್ಕ್ ಇಪ್ಪತ್ತಾಗುವ ಮೊದಲೇ ನಟನೆ ಬಿಟ್ಟರು. ಮೂಳೆ-ಕೀಲು ಸರಿಪಡಿಸುವ ಆಸ್ಟಿಯೋಪತಿ ಕಲಿತು ಚೆಲ್ಟನ್‌ಹ್ಯಾಮಿನಲ್ಲಿ ಕ್ಲಿನಿಕ್ ಇಟ್ಟರು. ಮೈಕೆಲ್ ಜ್ಯಾಕ್ಸನ್ ಸ್ನೇಹದ ಕಾರಣಕ್ಕೆ ಪತ್ರಿಕೆಗಳು ಆಗಾಗ ಅವರನ್ನು ಹುಡುಕಿಕೊಂಡು ಹೋಗಿದ್ದುಂಟು. ನನಗೆ ಅದಕ್ಕಿಂತ ಚೆನ್ನಾಗಿ ಕಂಡದ್ದು, ಬೆನ್ನು ಹಿಡಿದುಕೊಂಡು ಬಂದು ಮಂಚದ ಮೇಲೆ ಬೋರಲು ಮಲಗಿದವರಿಗೆ ಗಂಜಿ ಕೇಳಿದ ಹುಡುಗನೇ ಬೆನ್ನು ಒತ್ತುತ್ತಿರುವ ಚಿತ್ರ.

ಜ್ಯಾಕ್ ದಾರಿ ಬೇರೆ. ಅಮೆರಿಕದ ಟಿವಿ ಕರೆಯಿತು, ಹಾಡಿನ ತಟ್ಟೆಗಳು ಬಂದವು, ದುಡ್ಡು ಬಂತು. ಸಿಗರೇಟು ಚಿಕ್ಕಂದಿನಲ್ಲೇ ಅಂಟಿತ್ತು, ಇಪ್ಪತ್ತು ದಾಟುವಷ್ಟರಲ್ಲಿ ಕುಡಿತವೂ ಕೈಮೀರಿತು. ಮೊದಲ ಮದುವೆ ಅದರಲ್ಲೇ ಮುಳುಗಿತು. 1989ರಲ್ಲಿ ಕುಡಿತ ಬಿಟ್ಟರು, ಮತ್ತೆ ಮುಟ್ಟಲಿಲ್ಲ. 1991ರ ಒಂದು ರಾಬಿನ್ ಹುಡ್ ಚಿತ್ರದಲ್ಲಿ ಸಣ್ಣ ಪಾತ್ರ ಸಿಕ್ಕಿತು, ನಾಟಕ ಕಂಪನಿಗಳಲ್ಲೂ ಕೆಲಸ ಸಿಕ್ಕಿತು. ಹೀಗೆ ಎದ್ದು ನಿಂತು ಹತ್ತು-ಹನ್ನೆರಡು ವರ್ಷವಾದ ಮೇಲೆ ಬಾಯಿ ಕ್ಯಾನ್ಸರ್.

ಕುಡಿತ ಮತ್ತು ಹೊಗೆ ಒಂದೊಂದೇ ಇದ್ದರೆ ಒಂದು ಲೆಕ್ಕ. ಜೊತೆಯಾದರೆ ಕೂಡುವುದಿಲ್ಲ, ಗುಣಿಸುತ್ತವೆ. ಇದನ್ನು ನಾನು ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ. ಬಿಟ್ಟ ಮೇಲೂ ಹಳೆಯ ಸಾಲ ಒಂದೇ ಸಲಕ್ಕೆ ಮನ್ನಾ ಆಗುವುದಿಲ್ಲ ಎಂಬುದನ್ನು ಹೇಳುವುದು ಇನ್ನೂ ಕಷ್ಟ.

2004ರ ಜುಲೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಧ್ವನಿಪೆಟ್ಟಿಗೆ ಹೋಯಿತು, ಜೊತೆಗೆ ನಾಲಿಗೆಗೂ ಕತ್ತರಿ ಬಿತ್ತು. ಜ್ಯಾಕ್ ಬಗ್ಗೆ ಓದುವಾಗ ನನ್ನ ಕೈ ನಿಂತದ್ದು ಈ ಸಾಲಿನ ಹತ್ತಿರ. ಧ್ವನಿಪೆಟ್ಟಿಗೆ ಮಾತ್ರ ಹೋಗಿದ್ದರೆ ಮೆಷಿನ್ ಇದೆ, ಉಸಿರಿನ ಗಾಳಿಯನ್ನು ಅನ್ನನಾಳಕ್ಕೆ ಬಿಡುವ ವಾಲ್ವ್ ಇದೆ, ಗಾಳಿ ನುಂಗಿ ತೇಗಿನಂತೆ ಹೊರಡಿಸಿ ಮಾತಾಡುವ ವಿದ್ಯೆಯಿದೆ. ಸದ್ದು ಎಲ್ಲಿಂದಾದರೂ ಸಾಲ ತರಬಹುದು. ಆದರೆ ಸದ್ದನ್ನು ಅಕ್ಷರ ಮಾಡುವುದು ನಾಲಿಗೆ.

ನಮ್ಮ ವರ್ಣಮಾಲೆಯನ್ನೇ ನೋಡಿ. ಕ ಅನ್ನಲು ನಾಲಿಗೆಯ ಬುಡ ಏಳಬೇಕು, ಚ ಅನ್ನಲು ನಡುಭಾಗ. ಟ ಅನ್ನಲು ತುದಿ ಹಿಂದಕ್ಕೆ ಮಡಚಬೇಕು, ತ ಅನ್ನಲು ಹಲ್ಲಿಗೆ ತಾಗಬೇಕು. ಐದು ವರ್ಗದಲ್ಲಿ ನಾಲ್ಕು ನಾಲಿಗೆಯ ಪಾಲು. ತುಟಿಯ ಪಾಲಿಗೆ ಉಳಿಯುವುದು ಪ ಫ ಬ ಭ ಮ. ಇಲ್ಲಿನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ನಾನು ಇವತ್ತಿಗೂ ಹಲಗೆಯ ಮೇಲೆ ಕನ್ನಡದ ಐದು ಸಾಲು ಬರೆಯುತ್ತೇನೆ. ಆ ರಾತ್ರಿ ಸೋಫಾದಲ್ಲಿ ಕೂತು 'ಡಾಡ್ಜರ್' ಅಂದು ನೋಡಿದೆ. ತುಟಿಗೆ ಕೆಲಸವೇ ಇಲ್ಲ. 'ಜ್ಯಾಕ್' ಅಂದೆ, ಅಲ್ಲೂ ಇಲ್ಲ. 'ಮಾರ್ಕ್' ಅಂದರೆ ಮೊದಲ ಅಕ್ಷರವಾದರೂ ಸಿಗುತ್ತದೆ.

"ಒಬ್ಬಳೇ ಏನು ಗೊಣಗ್ತಿದ್ದೀಯ?" ಅಂದರು ನಮ್ಮೆಜಮಾನ್ರು ಅಡುಗೆಮನೆಯಿಂದ.

ಮಾತು ಹೋದ ಮೇಲೂ ಜ್ಯಾಕ್ ಕೆಲಸ ಬಿಡಲಿಲ್ಲ. ಹೆಂಡತಿ ಕ್ಲೇರ್ ಅವರ ಪರವಾಗಿ ಮಾತಾಡುತ್ತಿದ್ದರು. 'ಆಲಿವರ್!'ನಲ್ಲಿ ಕಳ್ಳರ ಗುರು ಫ್ಯಾಗಿನ್ ಆಗಿದ್ದ ರಾನ್ ಮೂಡಿ ಜೊತೆ ಕೊನೆಯದಾಗಿ ಇನ್ನೊಂದು ಚಿತ್ರ ಮಾಡಿದರು, ಅದರಲ್ಲಿ ಜ್ಯಾಕ್‌ಗೆ ಸಂಭಾಷಣೆ ಇಲ್ಲ. 2005ರ ಕ್ರಿಸ್‌ಮಸ್ಸಿಗೆ ದಕ್ಷಿಣ ಕರಾವಳಿಯ ವರ್ದಿಂಗ್ ಊರಿನಲ್ಲಿ ಸಿಂಡರೆಲ್ಲಾ ಪ್ಯಾಂಟೋಮೈಮ್. ಇಲ್ಲಿಯ ಪ್ಯಾಂಟೋಮೈಮ್ ಅಂದರೆ ನೀವು ಮೂಕಾಭಿನಯ ಅಂದುಕೊಳ್ಳಬೇಡಿ. ಅದು ಮಹಾ ಗದ್ದಲದ ನಾಟಕ. ಖಳ ಬಂದರೆ ಮಕ್ಕಳು ಹೋ ಎಂದು ಕೂಗುತ್ತಾರೆ, ಹಿಂದೆ ನೋಡು ಹಿಂದೆ ನೋಡು ಎಂದು ಕಿರುಚುತ್ತಾರೆ. ಆ ಗದ್ದಲದ ನಡುವೆ ಜ್ಯಾಕ್ ಒಬ್ಬರು ಮಾತಿಲ್ಲದೆ, ಬರೀ ಅಭಿನಯದಲ್ಲಿ. 2006ರ ಮಾರ್ಚ್ 1ರಂದು ತೀರಿಕೊಂಡರು. 53 ವರ್ಷ. ಅವರು ಬರೆದಿಟ್ಟ ಆತ್ಮಕಥೆ ಹೊರಬರಲು ಮತ್ತೆ ಹತ್ತು ವರ್ಷ ಹಿಡಿಯಿತು.

ನಮ್ಮ ಬಸ್ ಡ್ರೈವರ್ ನಿನ್ನೆ ಮತ್ತೆ ಬಂದಿದ್ದರು. ಅವರ ನಾಲಿಗೆಗೆ ಏನೂ ಆಗಿಲ್ಲ, ಪುಣ್ಯ. ಮೆಷಿನ್ ಹಿಡಿದು ಡಾಡ್ಜರ್‌ನ ಹಾಡು ಶುರು ಮಾಡಿದರು. ಎಲ್ಲವೂ ಒಂದೇ ಸ್ಥಾಯಿ, ನೊಣ ಹಾಡಿದ ಹಾಗೆ, ಆದರೆ ಅಕ್ಷರ ಒಂದೊಂದೂ ಸ್ಪಷ್ಟ. ಪಕ್ಕದ ಕೋಣೆಯ ನರ್ಸ್ ಬಾಗಿಲಲ್ಲಿ ಇಣುಕಿ ಎರಡನೇ ಸಾಲು ತಾನು ಹೇಳಿ ಹೋದಳು.

ಹೊರಡುವಾಗ ಅವರನ್ನು ಕೇಳಿದೆ, ಜ್ಯಾಕ್‌ನ ಮಣ್ಣು ಮಾಡಿದ್ದು ಎಲ್ಲಿ ಅಂತ. ಬೆಡ್‌ಫರ್ಡ್‌ಶೈರಿನ ಟಾಡಿಂಗ್ಟನ್. ನಮಗೆ ಆ ಹೆಸರು ಎಂ1 ಹೆದ್ದಾರಿಯ ಪಕ್ಕದ ತಂಗುದಾಣವಾಗಿ ಮಾತ್ರ ಗೊತ್ತು. ಲಂಡನ್ನಿಗೆ ಹೋಗಿ ಬರುವಾಗ ಎಷ್ಟೋ ಸಲ ಗಾಡಿ ನಿಲ್ಲಿಸಿ, ಡಬ್ಬಿಯ ಚಿತ್ರಾನ್ನ ತಿಂದು, ಅಲ್ಲಿಯ ದುಬಾರಿ ಟೀಗೆ ಬೈದುಕೊಂಡು ಹೊರಟಿದ್ದೇವೆ. ಊರಿನೊಳಕ್ಕೆ ಒಂದು ಸಲವೂ ಹೋಗಿಲ್ಲ.