ಇಪ್ಪತ್ತೈದನೆಯ ನಿಮಿಷದ ಕರಕರ ಸದ್ದು

ದಾವಣಗೆರೆಯ ಮಂಡಿಪೇಟೆಯ ಹತ್ತಿರ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿರುವ ನನ್ನ ಬಳಿಗೆ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಸೆಟ್‌ಗಳು ಬರುವುದು ಈಗ ಅಪರೂಪ. ಆದ್ದರಿಂದ ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ತಾನೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರನ್ನು ತಂದು ಮೇಜಿನ ಮೇಲಿಟ್ಟಾಗ ನನಗೆ ಕೆಲಸ ಸಿಕ್ಕಿತೆಂಬುದಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಪ್ರತಿ ಚಾನೆಲ್‌ಗೆ ಒಂದೊಂದು 12ಎಯು7 ವಾಲ್ವ್, ಅದರ ಮುಂದೆ ಹೆಡ್‌ಫೋನನ್ನು ನಡೆಸಲು ಮಾಸ್‌ಫೆಟ್ ಎಂಬ ಒಂದು ಟ್ರಾನ್ಸಿಸ್ಟರ್. ವಾಲ್ವಿನಲ್ಲಿರುವ, ಸಿಗ್ನಲ್ ಹಿಗ್ಗಿಸುವ ಎರಡು ಟ್ರಯೋಡ್‌ಗಳಲ್ಲಿ ಒಂದನ್ನಷ್ಟೇ ಬಳಸಿದ್ದ. ವೈರಿಂಗ್ ಅಚ್ಚುಕಟ್ಟಾಗಿತ್ತು. ದೂರು ಒಂದೇ: ಹಾಕಿದ ಸುಮಾರು ಇಪ್ಪತ್ತೈದು ನಿಮಿಷಕ್ಕೆ ಎಡಗಡೆಯಲ್ಲಿ ಕರಕರ ಸದ್ದು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ, ಮತ್ತೆ ಬರುತ್ತದೆ.

ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಅಷ್ಟೇ ಇತ್ತು. ಅಂದರೆ ದೋಷ ವಾಲ್ಯೂಮ್ ಕಂಟ್ರೋಲಿನಿಂದ ಮುಂದಕ್ಕಿದೆ. ಸದ್ದು 50 ಅಥವಾ 100 ಹರ್ಟ್ಸ್‌ನ ಗುಂಯ್‌ಗುಡುವಿಕೆಯಾಗಿರದೆ ಚಟಪಟ ಎನ್ನುವಂತಿದ್ದುದರಿಂದ ಅರ್ಥಿಂಗ್, ಫಿಲ್ಟರುಗಳ ಗೊಡವೆಗೂ ಹೋಗಲಿಲ್ಲ. ಇಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದ್ದೆ. ಆಮೇಲೆ ಪೆನ್ಸಿಲ್‌ನಿಂದ ಎಡಗಡೆಯ ವಾಲ್ವನ್ನು ತಟ್ಟಿದೆ, ಹೆಡ್‌ಫೋನಿನಲ್ಲಿ ಟಣ್ ಎಂದಿತು, ವಾಲ್ವೇ ಕೆಟ್ಟಿದೆ ಎಂದು ತೀರ್ಮಾನಿಸಿ ಬೇರೊಂದನ್ನು ಹಾಕಿದೆ. ಒಳ್ಳೆಯ ವಾಲ್ವು ಕೂಡ ತಟ್ಟಿದರೆ ಸ್ವಲ್ಪ ಮಟ್ಟಿಗೆ ದನಿ ಕೊಡುತ್ತದೆಂಬುದು ಗೊತ್ತಿಲ್ಲದ ಮಾತೇನಲ್ಲ. ಎರಡು ಗಂಟೆ ಓಡಿಸಿದೆ, ಸದ್ದಿಲ್ಲ. ದುಡ್ಡು ತೆಗೆದುಕೊಂಡು ಕೊಟ್ಟು ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಹುಡುಗ ಬಾಗಿಲಲ್ಲಿದ್ದ: “ಅಣ್ಣಾ, ಅದೇ ಸದ್ದು ಮತ್ತೆ ಬಂದೈತಿ.”

ನನ್ನ ತಪ್ಪು ಅರಿವಾದದ್ದು ಆಗ. ವಾಲ್ವನ್ನು ಕಿತ್ತು ಹಾಕುವಾಗ ಅದರ ಪಿನ್ನುಗಳು ಸಾಕೆಟ್ಟಿನ ಕಾಂಟ್ಯಾಕ್ಟುಗಳನ್ನು ಉಜ್ಜಿ ಚೊಕ್ಕಟಗೊಳಿಸುತ್ತವೆ. ಹೀಗಾಗಿ ವಾಲ್ವ್ ಬದಲಿಸಿದಾಗ ಸದ್ದು ಹೋದರೆ ದೋಷ ವಾಲ್ವಿನದೋ ಸಾಕೆಟ್ಟಿನದೋ ತಿಳಿಯುವುದೇ ಇಲ್ಲ. ಹಳೆಯ ವಾಲ್ವನ್ನೇ ಮತ್ತೆ ಕೂರಿಸಿ, ಸದ್ದೂ ಅದರೊಂದಿಗೆ ಮರಳಿ ಬರುತ್ತದೆಯೇ ಎಂದು ನೋಡಬೇಕಿತ್ತು, ನೋಡಿರಲಿಲ್ಲ.

ಎರಡನೆಯ ಸಲ ಯಾವುದನ್ನೂ ಅಲುಗಿಸಲಿಲ್ಲ. ಸೆಟ್ ಆರಿರುವಾಗಲೇ ಎರಡು ಮೀಟರುಗಳ ಕ್ಲಿಪ್ ಸಿಕ್ಕಿಸಿದೆ, ಒಂದು ವಾಲ್ವಿನೊಳಗೆ ಎಲೆಕ್ಟ್ರಾನುಗಳು ಬಂದು ಸೇರುವ ಪ್ಲೇಟಿಗೆ, ಇನ್ನೊಂದು ಅವು ಹೊರಡುವ ಕ್ಯಾಥೋಡಿಗೆ. ಕ್ಲಿಪ್ ಹಾಕುವ ಮೊದಲು 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರಿನ ಮೂಲಕ ಫಿಲ್ಟರ್ ಕಂಡೆನ್ಸರನ್ನು ಖಾಲಿ ಮಾಡಿ, ಖಾಲಿಯಾದದ್ದನ್ನು ಮೀಟರಿನಲ್ಲಿ ನೋಡಿಕೊಂಡೆ, ಏಕೆಂದರೆ ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಉಳಿಯುವ 200 ವೋಲ್ಟು ಕೈಯನ್ನು ಸುಮ್ಮನೆ ಬಿಡುವಂಥದ್ದಲ್ಲ. ಆಮೇಲೆ ಕಾದೆ. ಇಪ್ಪತ್ತನೆಯ ನಿಮಿಷಕ್ಕೆ ಕರೆಂಟು ಹೋಯಿತು. ಸೆಟ್ ಪೂರ್ತಿ ತಣ್ಣಗಾಗಲು ಬಿಟ್ಟು ಮೊದಲಿಂದ ಶುರುಮಾಡಬೇಕಾಯಿತು. ಆ ದಿನ ಇದು ಎರಡು ಸಲ ಆಯಿತು.

ಸದ್ದಿಲ್ಲದಾಗ ಪ್ಲೇಟಿನಲ್ಲಿ 98 ವೋಲ್ಟ್, ಕ್ಯಾಥೋಡಿನಲ್ಲಿ 3.2 ಇತ್ತು. ಸದ್ದು ಬಂದಾಗ ಪ್ಲೇಟ್ ಒಮ್ಮೆಲೇ 118ರ ಆಸುಪಾಸಿಗೆ ಜಿಗಿದರೆ ಕ್ಯಾಥೋಡ್ 2.6ಕ್ಕೆ ಇಳಿಯುತ್ತಿತ್ತು. ಸಪ್ಲೈ ಮಾತ್ರ 200ರಲ್ಲೇ ನಿಂತಿತ್ತು. ಪ್ಲೇಟ್ ರೆಸಿಸ್ಟರ್ 47 ಕಿಲೋ ಓಮ್, ಕ್ಯಾಥೋಡಿನದು 1.5 ಕಿಲೋ ಓಮ್. ಲೆಕ್ಕ ಹಾಕಿದರೆ ಸದ್ದಿನ ವೇಳೆ ಎರಡರಲ್ಲಿಯೂ ಸುಮಾರು 1.7 ಮಿಲಿಆಂಪಿಯರ್ ಹರಿಯುತ್ತಿತ್ತು, ಸದ್ದಿಲ್ಲದಾಗ 2.1. ಎರಡೂ ರೆಸಿಸ್ಟರುಗಳು ಒಂದೇ ಉತ್ತರ ಹೇಳಿದ್ದರಿಂದ ಅವುಗಳ ಮೇಲೆ ಅನುಮಾನ ಉಳಿಯಲಿಲ್ಲ. ಇನ್ನೊಮ್ಮೆ ಸದ್ದು ಬಂದಾಗ, ಆ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ ಅಳೆದೆ, ಅದು ಸೊನ್ನೆಯಲ್ಲೇ ಇತ್ತು, ಅಂದರೆ ತೊಂದರೆ ಅಲ್ಲಿಂದಲ್ಲ. ಕ್ಯಾಥೋಡನ್ನು ಕಾಯಿಸುವ ಹೀಟರಿನ ಕಾಂಟ್ಯಾಕ್ಟ್ ಸಡಿಲವಾಗಿದ್ದರೆ ಬಿಸಿ ಆರಲು ಕೆಲವು ಸೆಕೆಂಡು ಹಿಡಿಯುವುದರಿಂದ ಮೀಟರ್ ನಿಧಾನವಾಗಿ ಜಾರುತ್ತಿತ್ತೇ ಹೊರತು ಹೀಗೆ ಜಿಗಿಯುತ್ತಿರಲಿಲ್ಲ. ಉಳಿದದ್ದು ಎರಡೇ: ವಾಲ್ವಿನ ಒಳಭಾಗ, ಇಲ್ಲವೇ ಸಾಕೆಟ್ಟಿನ ಪ್ಲೇಟ್ ಅಥವಾ ಕ್ಯಾಥೋಡ್ ಕಾಂಟ್ಯಾಕ್ಟ್.

ಎಡ ಬಲದ ವಾಲ್ವುಗಳನ್ನು ಅದಲುಬದಲು ಮಾಡಿ, ಈ ಸಲ ದುಡುಕದೆ ಮೂರು ಸಂಜೆ ಓಡಿಸಿದೆ. ಮೂರನೆಯ ಸಂಜೆ ಸದ್ದು ಎಡಗಡೆಯಲ್ಲೇ ಬಂದಿತು. ಒಣ ಬಿದಿರಿನ ಕಡ್ಡಿಯಿಂದ 3ನೆಯ ಪಿನ್ನಿನ, ಅಂದರೆ ಕ್ಯಾಥೋಡಿನ, ಕಾಂಟ್ಯಾಕ್ಟನ್ನು ಮೆಲ್ಲಗೆ ಒತ್ತಿದಾಗಲೆಲ್ಲ ಪ್ಲೇಟ್ ವೋಲ್ಟೇಜು ತಟ್ಟನೆ 98ಕ್ಕೆ ಮರಳುತ್ತಿತ್ತು.

ಸೆಟ್ ಆರಿಸಿ ವಾಲ್ವ್ ಕಿತ್ತು ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ರಾಳ ಕಾಂಟ್ಯಾಕ್ಟಿನೊಳಕ್ಕೆ ಹರಿದು ಕಂದು ಪೊರೆಯಂತೆ ಗಟ್ಟಿಯಾಗಿತ್ತು. ಬಿಸಿಗೆ ಲೋಹ ಅಷ್ಟಿಷ್ಟು ಸರಿದಾಗ ಪಿನ್ನು ಆ ಪೊರೆಯ ಮೇಲೆ ಕೂರುತ್ತಿತ್ತು. ಸ್ಪಿರಿಟ್ಟಿನಿಂದ ತೊಳೆಯಬಹುದಿತ್ತು, ಆದರೆ ಆ ಕಾಂಟ್ಯಾಕ್ಟ್ ಪಿನ್ನನ್ನು ಬಿಗಿಯಾಗಿ ಹಿಡಿಯುವ ಸೆಟೆತವನ್ನೂ ಕಳೆದುಕೊಂಡಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆರಾಮಿಕ್ ಸಾಕೆಟ್ ತರಿಸಿ, ಕಾಂಟ್ಯಾಕ್ಟುಗಳು ಓರೆಯಾಗದಿರಲೆಂದು ಕೆಟ್ಟುಹೋದ ಹಳೆಯ ವಾಲ್ವೊಂದನ್ನು ಅದರಲ್ಲಿ ಕೂರಿಸಿಯೇ ಬೆಸುಗೆ ಹಾಕಿದೆ.

ನಾಲ್ಕು ಸಂಜೆ ಓಡಿಸಿದರೂ ಪ್ಲೇಟ್ 98ರಿಂದ ಕದಲಲಿಲ್ಲ. ಹುಡುಗನ ಮೂಲ ವಾಲ್ವನ್ನೇ ಮರಳಿ ಹಾಕಿಕೊಟ್ಟು, ಮೊದಲ ಸಲ ಪಡೆದ ಹಣದಲ್ಲಿ ಸಾಕೆಟ್ಟಿನ ಬೆಲೆಯನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಹಿಂದಿರುಗಿಸಿದೆ.